ಎರಡನೇ ಸಾಕ್ಷಿ

ಫೆಬ್ರವರಿ 6, ಮಧ್ಯಾಹ್ನ

ತಿಂಗಳ ತಪಾಸಣೆ ಮುಗೀತು. ರಕ್ತ ಕೊಟ್ಟೆ, ಡಾಕ್ಟ್ರು ಕಾರ್ಡಿಗೆ ಸೀಲು ಹೊಡೆದ್ರು. ಮುಂದಿನ ತಿಂಗಳವರೆಗೆ ಪೊಲೀಸರು ತಡೆದರೆ ತಲೆ ಎತ್ತಿ ತೋರಿಸಬಹುದು. ಇಪ್ಪತ್ತೆರಡಕ್ಕೆ ಈ ಕಸುಬಿಗೆ ಇಳಿದೆ, ಕಾನೂನಿನಂತೆ ಠಾಣೆಯಲ್ಲಿ ಹೆಸರು ಬರೆಸಿದೆ. ಈಗ ನಲವತ್ತೊಂದು.

ಆಸ್ಪತ್ರೆ ಹೊರಗೆ ನೆರಳಲ್ಲಿ ಕೂತು ಸುಲ್ಮಾ ಜೊತೆ ಮಾಟೆ ಕಷಾಯ ಹೀರ್ತಿದ್ದೆ. ಮಾಂಟೆವಿಡಿಯೊ ಊರಿಗೆ ಹೋಗೋ ಲಾರಿಗಳು ನಿಲ್ಲೋ ಹೆದ್ದಾರಿ ಮೂಲೇಲಿ ನಾವಿಬ್ಬರೂ ಒಟ್ಟಿಗೇ ನಿಲ್ಲೋದು, ಅವಳೂ ತಪಾಸಣೆಗೇ ಬಂದಿದ್ಲು. ಕಾವಲುಗಾರನ ರೇಡಿಯೋದಲ್ಲಿ ನಂಬರು ಓದ್ತಿದ್ರು — ನಾನೂ ಅರ್ಜಿ ಹಾಕಿದ್ದ ಶಾಲೆ ಅಡುಗೆಮನೆ ಸಹಾಯಕಿಯರ ಕೆಲಸಕ್ಕೆ ಚೀಟಿ ಎತ್ತಿದ್ದು.

"ನೀಬಿಯಾ, ಅದು ನಿನ್ನ ನಂಬರಲ್ವೇನೇ?"

ನನ್ನದೇ. ಫ್ಲಾಸ್ಕ್ ಕೈಜಾರಿ ಬಿಸಿನೀರೆಲ್ಲ ನೆಲದ ಪಾಲು. ಎರಡು ಸಲ ಕಾವಲುಗಾರನ ಹತ್ರ ಹೋಗಿ ಕೇಳ್ದೆ. ಮೂರನೇ ಸಲ ಅವನೇ ನಕ್ಕ. ಸರ್ಕಾರಿ ಕೆಲಸ. ಬಿಳಿ ಏಪ್ರನ್. ಹಗಲು ಪಾಳಿ…

ಫೆಬ್ರವರಿ 7

ಅಮ್ಮನಿಗೆ ಹೇಳ್ದೆ. ಹಿಟ್ಟು ನಾದೋದು ನಿಲ್ಲಿಸಲಿಲ್ಲ.

"ಹಾಗಾದ್ರೆ ಆ ವೃದ್ಧಾಶ್ರಮದ ರಾತ್ರಿ ಪಾಳಿ ಬಿಡ್ತೀಯ."

"ಬಿಡ್ತೀನಮ್ಮ."

ವೃದ್ಧಾಶ್ರಮ ಅಂತ ಯಾವುದೂ ಇಲ್ಲ. ನಾನೇ ಕಟ್ಟಿದ ಸುಳ್ಳು. ಅದು ಯಾವ ಬೀದೀಲಿದೆ ಅಂತ ಅಮ್ಮ ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿಲ್ಲ. ಪಕ್ಕದ್ಮನೆ ಎರ್ಮೆಲಿಂದಾ ಹತ್ರ ಮಾತ್ರ ಕೊಚ್ಚಿಕೊಳ್ಳೋದು — "ನನ್ನ ಮಗಳು ಮುದುಕರಿಗೆ ಎಷ್ಟು ಪ್ರೀತಿಯಿಂದ ಮಾಡ್ತಾಳೆ ಗೊತ್ತಾ" ಅಂತ.

ಇವತ್ತಿಂದಲೇ ಮೂಲೆಗೆ ಹೋಗೋದು ಬಿಟ್ಟೆ.

ಫೆಬ್ರವರಿ 11

ಒಂದು ಕಂಟಕ. ಶಾಲೆಯವರ ಷರತ್ತು: ಠಾಣೆಯ ಪಟ್ಟಿಯಲ್ಲಿ ಹೆಸರಿರಬಾರದು. ಇಪ್ಪತ್ತನೇ ತಾರೀಖಿನೊಳಗೆ ತೆಗೆಸಬೇಕು.

ಓಡಿದೆ. ಅಲ್ಲಿನ ಗುಮಾಸ್ತ ಬಾರಿಯೋಸ್ ಒಳ್ಳೇ ಮನುಷ್ಯ, ಕುರ್ಚಿ ಕೊಟ್ಟ. "ಇಬ್ಬರು ಸಾಕ್ಷಿ ಬೇಕು ಸೆನ್ಯೋರಾ. ನೀವು ಈ ಕೆಲಸ ಮಾಡ್ತಿದ್ದದ್ದು ಗೊತ್ತಿತ್ತು, ಈಗ ಬಿಟ್ಟಿದ್ದೀರಿ ಅಂತ ಹೇಳ್ಬೇಕು. ಒಬ್ಬರು ನಿಮ್ಮ ಕಸುಬಿನವರೇ ಆದ್ರೂ ನಡೆಯುತ್ತೆ. ಇನ್ನೊಬ್ಬರು ನೆರೆಹೊರೆಯವರೇ ಆಗ್ಬೇಕು. ನೆಂಟರು ಬೇಡ."

"ಹೆಸರು ಬರೆಸೋಕೆ ನನ್ನೊಬ್ಬಳ ಸಹಿ ಸಾಕಾಗಿತ್ತಲ್ಲ?"

"ಕಾನೂನು ಬರೆದೋನು ನಾನಲ್ಲಮ್ಮ."

ಫೆಬ್ರವರಿ 12

ಸುಲ್ಮಾ ತಕ್ಷಣ ಒಪ್ಪಿದಳು. "ನನ್ನ ಪಕ್ಕದ ಜಾಗ ಖಾಲಿ ಅಂತ ನಾನಲ್ದೆ ಇನ್ಯಾರು ಹೇಳ್ಬೇಕು? ಆದ್ರೆ ನೆರೆಯವರನ್ನ ಹೇಗೆ ಕೇಳ್ತೀಯೇ? ಬಾಗಿಲು ತಟ್ಟಿ, 'ಸ್ವಾಮಿ, ನಾನು ಸೂಳೆಯಾಗಿದ್ದದ್ದು ನಿಮಗೆ ಗೊತ್ತು ತಾನೇ' ಅಂತಲಾ?"

ಇಬ್ಬರೂ ಕಣ್ಣಲ್ಲಿ ನೀರು ಬರೋವರೆಗೆ ನಕ್ಕೆವು. ಆಮೇಲೆ ನಗು ನಿಂತುಹೋಯ್ತು.

ಮಾಂಸದಂಗಡಿಯವನನ್ನ ಕೇಳಿದೆ. ಅವನಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು! ಗಲ್ಲಾದಲ್ಲಿ ಹೆಂಡತಿ ಕೂತಿದ್ಲು. ಕತ್ತಿ ಮಸೀತಾ, "ನನಗೇನೂ ಗೊತ್ತಿಲ್ಲಮ್ಮ" ಅಂದ. ಪಕ್ಕೆಲುಬು ಮಾತ್ರ ಒಳ್ಳೇದು ಕೊಟ್ಟ.

ಫೆಬ್ರವರಿ 18

ಇನ್ನೂ ಇಬ್ಬರು ಆಗಲ್ಲ ಅಂದ್ರು. ಆದ್ರೂ ಕೈ ಸುಮ್ಮನಿರ್ತಿಲ್ಲ. ದೊಡ್ಡ ಪಾತ್ರೇಲಿ ಸ್ಟ್ಯೂ ಮಾಡಿ ಬೀದಿಗೆಲ್ಲ ಹಂಚಿದೆ — ಅಭ್ಯಾಸಕ್ಕೆ. ಅಮ್ಮ ರುಚಿ ನೋಡಿ, "ಮಕ್ಕಳಿಗಾದ್ರೆ ಕುಂಬಳಕಾಯಿ ಇನ್ನೂ ಬೇಯ್ಬೇಕು" ಅಂದಳು. ಆಮೇಲೆ —

"ಮುಖ ಯಾಕೆ ಸಪ್ಪಗಿದೆ?"

"ಒಂದು ಸಾಕ್ಷಿ ಬೇಕಮ್ಮ. ನೆರೆಯವರದ್ದು."

"ಏನಂತ?"

ನಾನು ಸೌಟು ತೊಳೆಯೋಕೆ ಎದ್ದೆ. ಅಮ್ಮ ಉರಿ ಸಣ್ಣ ಮಾಡಿದಳು. ಮತ್ತೆ ಕೇಳಲಿಲ್ಲ.

ಫೆಬ್ರವರಿ 20, ಸಂಜೆ

ಇದನ್ನ ಈಗಲೇ ಬರೀಬೇಕು.

ಠಾಣೇಲಿ ಸುಲ್ಮಾ ಹೇಳಿಕೆ ಕೊಟ್ಟಾಗಿತ್ತು. ಬಾರಿಯೋಸ್ ಗಡಿಯಾರ ನೋಡ್ತಾ, ನನ್ನ ಮುಖ ನೋಡೋದು ತಪ್ಪಿಸ್ತಿದ್ದ. ಬಾಗಿಲು ತೆರೀತು. ಅಮ್ಮ. ಚರ್ಚಿಗೆ ಹೋಗೋ ನೀಲಿ ಬಟ್ಟೆ ಹಾಕ್ಕೊಂಡು.

"ಬರ್ಕೊಳ್ಳಪ್ಪ. ನನ್ನ ಮಗಳು ಹೆದ್ದಾರೀಲಿ ನಿಲ್ತಿದ್ಲು. ಈಗ ಬಿಟ್ಟಿದ್ದಾಳೆ."

ನಾನು ಕುರ್ಚಿ ಬಿಟ್ಟು ಎದ್ದೆ.

"ತಾಯಿ ಸಾಕ್ಷಿ ನಡೆಯಲ್ಲಮ್ಮ," ಅಂದ ಬಾರಿಯೋಸ್.

"ಗೊತ್ತು. ಸುಲ್ಮಾನ ಕೇಳಿ ತಿಳ್ಕೊಂಡೆ. ನನ್ನ ಬಾಯಿಂದ ಒಂದ್ಸಲ ಹೇಳ್ಬೇಕಿತ್ತು, ಹೇಳ್ದೆ. ಸಾಕ್ಷಿ ಹಿಂದೆ ಬರ್ತಿದ್ದಾಳೆ, ಮಂಡಿನೋವು."

ಎರ್ಮೆಲಿಂದಾ. ಏದುಸಿರು ಬಿಡ್ತಾ ಕೂತಳು. "ಇವತ್ತು ಬೆಳಿಗ್ಗೆ ಇವಳು ಹೇಳಿದ ಮೇಲೆ ಗೊತ್ತಾಯ್ತು ಅನ್ನಲಾ, ಮೊದಲಿಂದ ಗೊತ್ತಿತ್ತು ಅನ್ನಲಾ?"

"ನಿಜ ಯಾವುದೋ ಅದು," ಅಂದ ಬಾರಿಯೋಸ್.

"ಹಾಗಾದ್ರೆ ಮೊದಲಿಂದ. ವೃದ್ಧಾಶ್ರಮಕ್ಕೆ ಅಂಥಾ ಚಪ್ಪಲಿ ಹಾಕ್ಕೊಂಡು ಯಾರು ಹೋಗ್ತಾರೆ?"

ಅಮ್ಮ ತಿರುಗಿದಳು. "ಮತ್ತೆ ಇಷ್ಟು ವರ್ಷ ನನ್ನ ಸುಳ್ಳು ಕೇಳ್ತಾ ಕೂತಿದ್ಯಲ್ಲೇ?"

"ಚೆನ್ನಾಗಿ ಹೇಳ್ತಿದ್ದೆ ಕಣೆ. ಆ ಮುದುಕರೆಲ್ಲ ನನಗೆ ನೆಂಟರ ಹಾಗಾಗಿಬಿಟ್ಟಿದ್ರು."

ಮೊದಲು ನಕ್ಕಿದ್ದು ಸುಲ್ಮಾ. ಆಮೇಲೆ ಬಾರಿಯೋಸ್. ಕೊನೆಗೆ ಅಮ್ಮ, ಕರ್ಚೀಫಿನಲ್ಲಿ ಮುಖ ಮುಚ್ಕೊಂಡು — ನಗುವೋ ಅಳುವೋ ಗೊತ್ತಾಗಲಿಲ್ಲ. ಸಹಿ ಬಿತ್ತು. ಬಾರಿಯೋಸ್ ಸ್ಕೇಲ್ ಇಟ್ಟು ನನ್ನ ಹೆಸರಿನ ಮೇಲೆ ಗೆರೆ ಎಳೆದ.

ನಾಲ್ವರೂ ತೋಳು ಹಿಡ್ಕೊಂಡು ನದಿ ದಂಡೆವರೆಗೆ ನಡೆದೆವು. ಎಲ್ಲರಿಗೂ ಐಸ್‌ಕ್ರೀಂ.

ಮಾರ್ಚ್ 2, ಬೆಳಿಗ್ಗೆ

ಇವತ್ತು ಮೊದಲ ದಿನ. ಏಪ್ರನ್ನಿಗೆ ಅಮ್ಮ ನಿನ್ನೆಯೇ ಇಸ್ತ್ರಿ ಹಾಕಿದ್ದಾಳೆ, ಈಗ ಮತ್ತೆ ಹಾಕ್ತಿದ್ದಾಳೆ. ಮೆನು ಪಾಸ್ತಾ ಅಂತೆ. ಮುನ್ನೂರು ಮಕ್ಕಳು! ಉಪ್ಪು ಎಷ್ಟು ಹಾಕೋದು ಅಂತ ಯೋಚಿಸಿ ಯೋಚಿಸಿ ತಿಂಡಿ ಸೇರಲಿಲ್ಲ.

ಈಗ ತಾನೇ, ಇಸ್ತ್ರಿಯಿಂದ ತಲೆ ಎತ್ತದೆ ಕೇಳಿದಳು —

"ಚಳಿಗಾಲದಲ್ಲಿ, ಜುಲೈ ತಿಂಗಳಲ್ಲಿ ಅಲ್ಲಿ ನಿಂತಾಗ… ತುಂಬಾ ಚಳಿ ಆಗ್ತಿತ್ತೇನೇ?"

ಆಗ್ತಿತ್ತಮ್ಮ ಅಂದೆ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕುರ್ಚಿ ಎಳ್ಕೊಂಡಳು. ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಎಲ್ಲಾ ಹೇಳು ಅಂತಿದ್ದಾಳೆ. ಈ ಡೈರಿ ಮುಚ್ಚಿಟ್ಟು ಅವಳ ಹತ್ರ ಹೋಗಿ ಕೂತ್ಕೋತೀನಿ.