ಇನ್ನೊಂದು ಮ್ಯಾಂಡೋಲಿನ್ ಎತ್ತಿಕೊಳ್ಳುವಷ್ಟರಲ್ಲಿ

ಸ್ಕ್ರಿಪ್ಸ್ ರ್ಯಾಂಚ್, ಬುಧವಾರ

ನಿರುಪಮಾ ಆಂಟಿಗೆ ನಮಸ್ಕಾರ.

ಒಂದನ್ನು ಆರಿಸಿಕೊಳ್ಳಲೆಂದು ನೀವು ವಾಲ್‌ನಟ್ ಊರಿನಿಂದ ಕಳಿಸಿದ ಎರಡೂ ಮ್ಯಾಂಡೋಲಿನ್ ತಲುಪಿ ಹತ್ತು ದಿನವಾಯಿತು. ಚೆನ್ನೈಯವರು ಮಾಡಿದ್ದೋ, ಪಸಡೀನಾದವರು ಮಾಡಿದ್ದೋ, ಇನ್ನೂ ಆರಿಸಲಾಗಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ನಾನು ನುಡಿಸುವಷ್ಟು ಹೊತ್ತೂ ಐದು ತಿಂಗಳ ಸಂಹಿತಾ ಮಲಗಿರುತ್ತಾಳೆ, ನಿಲ್ಲಿಸಿದ ಕೂಡಲೇ ಏಳುತ್ತಾಳೆ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಅಳು ಶುರು. ಸಮಾಧಾನ ಮಾಡುವಷ್ಟರಲ್ಲಿ ಮೊದಲನೆಯದರ ನಾದವೇ ಮರೆತುಹೋಗಿರುತ್ತದೆ. ರಾಘವ್‌ನನ್ನು ಕೇಳಿದರೆ, "ಎರಡೂ ಒಂದೇ ಥರ ಇದೆಯಲ್ಲೇ, ಯಾವುದೋ ಒಂದು ಇಟ್ಕೋ" ಅನ್ನುತ್ತಾನೆ. ನನ್ನನ್ನೂ ಹೀಗೇ ಆರಿಸಿದೆಯಾ ಎಂದು ಕೇಳಿದೆ, ತಾನಾಗೇ ಮಗುವಿನ ಡೈಪರ್ ಬದಲಿಸಲು ಎದ್ದು ಹೋದ.

ಸೋಮವಾರ ಒಂದನ್ನು ಅಂಗಡಿಗೆ ವಾಪಸ್ ಕಳಿಸಲೇಬೇಕು. ಶನಿವಾರ ಬರುತ್ತೀರಾ? ನಾನು ನಿಲ್ಲಿಸುವ ಮೊದಲೇ ನೀವು ಇನ್ನೊಂದನ್ನು ಶುರು ಮಾಡಿ. ನಡುವೆ ನನಗೂ ನಿದ್ದೆ ಹತ್ತಿದರೆ ಆಯ್ಕೆ ನೀವೇ ಮಾಡಿಬಿಡಿ. ನುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ನಿಮ್ಮ ಶಿಷ್ಯೆ,
ಸುರಭಿ