ಕೀಲಿಗೊಂಚಲಿನ ಟೇಪು

ನವೆಂಬರ್ ೧೪, ಬುಧವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ಕನಸಿನಲ್ಲಿ ನಾನು ಭಾವನ ಬಾವಿಗೆ ಟೇಪು ಇಳಿಸುತ್ತಿದ್ದೆ. ಎಷ್ಟು ಇಳಿಸಿದರೂ ನೀರು ಮುಟ್ಟಿದ ‘ಟಪ್’ ಸದ್ದಿಲ್ಲ. ಭಾವ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು. “ಇಳಿಸಪ್ಪಾ, ಇನ್ನೂ ಇಳಿಸು. ನಿನ್ನ ನಂಬರು ಮುಗಿಯೋವರೆಗೂ ಇಳಿಸು” ಎಂದು ನಗುತ್ತಿದ್ದರು. ಎದ್ದಾಗ ಮೈಯೆಲ್ಲ ಬೆವರು. ನಾಲ್ಕು ದಿನದಲ್ಲಿ ಎರಡು ಸಲ ಇದೇ ಕನಸು ಬಿದ್ದಿದೆ.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾದುದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಹರಿದೆ. ಏಳನೇ ಕ್ಲಾಸಿನಲ್ಲಿ ಒಂದು ಸಲ, ಒಂಬತ್ತರಲ್ಲಿ ಇನ್ನೊಂದು ಸಲ ಶಾಲೆ ಬಿಟ್ಟವನಿಗೆ ಅಕ್ಷರ ಕೂಡಿಸುವುದೇ ಕಷ್ಟ. ಅದರ ಮೇಲೆ ಮನಸ್ಸೂ ನೆಟ್ಟಗಿಲ್ಲ. ಊಟ ಸೇರುತ್ತಿಲ್ಲ. ರೂಮಿನ ಬೀಗ ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ ಎಳೆದು ನೋಡುತ್ತೇನೆ. ನನ್ನ ಹಣೆಬರಹವೇ ಹೀಗೆ ಎಂದು ನಿನಗೆ ಗೊತ್ತಲ್ಲ. ಮೋಡ ಕಂಡರೆ ಸಿಡಿಲು ಬಡಿದ ಹಾಗೆ ಕೂರುವವನು.

ಭಾವ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಡೀ ದಿನ ಹಾಸಿಗೆ ಹೊದಿಕೆ ಮಡಚುತ್ತಾರೆ, ಮನೆಗೆ ಬಂದು ಸುಮ್ಮನೆ ಕೂತಾಗಲೂ ಕೈ ಮಡಚುತ್ತಲೇ ಇರುತ್ತದೆ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅದೇ ಆಸ್ಪತ್ರೆಯ ಬಟ್ಟೆ ಒಗೆಯಲು ಭಾವನ ಅಂಗಳಕ್ಕೆ ಗಾಡಿಯಲ್ಲಿ ಬರುತ್ತಿತ್ತು. ಈಗ ಭಾವನೇ ಅಲ್ಲಿಗೆ ನಡೆದು ಹೋಗಬೇಕು.

ನಿಮ್ಮ ಯೂನಿವರ್ಸಿಟಿಯಲ್ಲಿ ನೀನು ಮಾಡುವುದಾದರೂ ಏನು ಎಂದು ಕೇಳಿದ್ದೆ. ನಾನು ಅಟೆಂಡರ್. ಬೋರ್ಡು ಒರೆಸುತ್ತೇನೆ, ಬಾಟಲಿ ತೊಳೆಯುತ್ತೇನೆ, ಸೋಮವಾರ ಬಾವಿಗಳ ನೀರಿನ ಮಟ್ಟ ಬರೆದು ತರುತ್ತೇನೆ. ನಮ್ಮದು ಒಂದೇ ವಿಷಯದ ವಿಭಾಗವಲ್ಲ. ನೀರಿನ ಮೇಡಂ ಇದ್ದಾರೆ, ವ್ಯಾಪಾರದ ಲಾಭನಷ್ಟ ನೋಡುವ ಮೇಷ್ಟ್ರು ಇದ್ದಾರೆ, ಮನೆಮನೆಗೆ ಹೋಗಿ ಜನರ ಮಾತು ಬರೆದುಕೊಳ್ಳುವ ಮೇಷ್ಟ್ರು ಇದ್ದಾರೆ. ಮುಂದಿನವರಿಗೂ ನೀರು, ಮಣ್ಣು ಉಳಿಯಬೇಕು, ಅದನ್ನು ಒಬ್ಬರೇ ಯೋಚಿಸಿದರೆ ಆಗುವುದಿಲ್ಲ, ಎಲ್ಲರೂ ಒಂದೇ ಮೇಜಿಗೆ ಕೂರಬೇಕು ಎನ್ನುತ್ತಾರೆ. ಮಕ್ಕಳಿಗೂ ಹಾಗೆಯೇ ಪಾಠ. ಭಾವ ಆಗಲೇ ತಮಾಷೆ ಮಾಡಿದ್ದರು: “ಮೂರು ಜನ ಅಡುಗೆಯೋರು ಸೇರಿದ್ರೆ ಉಪ್ಪು ಮೂರು ಸಲ ಬೀಳುತ್ತೆ, ಇಲ್ಲಾ ಒಂದು ಸಲಾನೂ ಬೀಳಲ್ಲ. ನೋಡ್ಕೋ.”

ಹೋದ ತಿಂಗಳು ಹೊಸ ಮಕ್ಕಳಿಗೆ ಮೇಡಂ ಪಾಠ ಮಾಡುತ್ತಿದ್ದರು. ನಾನು ಹಿಂದೆ ಕಿಟಕಿ ತೆಗೆಯುತ್ತಿದ್ದೆ. “ಯಾವ ಅಳತೆ ಕೈಗೆ ಬಂದ್ರೂ ಮೊದಲು ಒಂದು ಕೇಳಿ, ಇದರ ಸೊನ್ನೆ ಎಲ್ಲಿದೆ ಅಂತ. ಸೊನ್ನೆ ಜಾರಿದ್ರೆ ಎಲ್ಲಾ ಜಾರುತ್ತೆ” ಎಂದರು. ಅಕ್ಕಾ, ಕಿಟಕಿಯ ಕೊಂಡಿ ಹಿಡಿದ ಕೈ ಹಾಗೆಯೇ ನಿಂತುಬಿಟ್ಟಿತು.

ಭಾವನ ಬಾವಿಯ ಬಾಯಿ ಕಿರಿದು. ಬೇರೆ ಬಾವಿಗಳಿಗೆ ಇಳಿಸುವ ಯಂತ್ರ ಅದರೊಳಗೆ ಹೋಗುತ್ತಿರಲಿಲ್ಲ. ಅದೊಂದಕ್ಕೆ ಮಾತ್ರ ಬಟ್ಟೆಯ ಟೇಪು, ತುದಿಗೆ ಒಂದು ಕಬ್ಬಿಣದ ಬೋಲ್ಟು. ನೀರು ಮುಟ್ಟಿದಾಗ ಬಾವಿಕಟ್ಟೆಯ ಹತ್ತಿರ ಹೆಬ್ಬೆರಳು ಒತ್ತಿ, ಬೆರಳ ಕೆಳಗಿನ ಅಂಕೆ ಬರೆಯುವುದು. ಸೋಪಿನ ನೀರಿಗೆ ಟೇಪಿನ ತುದಿ ಪಿಸಿದುಹೋಗಿತ್ತು. ಒಂದು ಸೋಮವಾರ ನಿನ್ನ ಕತ್ತರಿಯನ್ನೇ ಇಸಿದುಕೊಂಡು ಆ ತುದಿ ಕತ್ತರಿಸಿ, ಬೋಲ್ಟನ್ನು ಮೇಲಕ್ಕೆ ಕಟ್ಟಿದೆ. ಎಷ್ಟು ಕತ್ತರಿಸಿದೆ ಎಂದು ನೋಡಲಿಲ್ಲ. ನೀನು “ಬಿಸಾಡ್ಬೇಡ, ತಾ ಇಲ್ಲಿ” ಎಂದು ಆ ತುಂಡನ್ನು ಕೀಲಿಗೊಂಚಲಿಗೆ ಕಟ್ಟಿಕೊಂಡೆ.

ಕತ್ತರಿಸಿದಷ್ಟನ್ನು ಕಳೆದು ಬರೆಯಬೇಕು ಎಂದು ನನಗೆ ಹೊಳೆಯಲಿಲ್ಲ. ನೀರು ಇದ್ದಲ್ಲೇ ಇತ್ತು, ನನ್ನ ಪುಸ್ತಕದಲ್ಲಿ ಮಾತ್ರ ಕೆಳಗೆ ಹೋಯಿತು. ಅಕ್ಕಪಕ್ಕದ ಬಾವಿಗಳು ಎರಡು ಸೆಂಟಿಮೀಟರ್ ಇಳಿದಿದ್ದರೆ ಭಾವನದು ಒಂದೇ ವಾರಕ್ಕೆ ಮೂವತ್ತೆರಡು! ಅದೇ ವಾರ ಭಾವನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತ್ತು. ಲಾಭನಷ್ಟದ ಮೇಷ್ಟ್ರು ಅದನ್ನು ಹಿಡಿದುಕೊಂಡರು. ಮಾತು ಬರೆಯುವ ಮೇಷ್ಟ್ರ ಪುಸ್ತಕದಲ್ಲಿ “ಈಗ ದಿನಾ ಎರಡು ಗಾಡಿ ಬಟ್ಟೆ ಒಗೀತೀವಿ” ಎಂದು ಭಾವ ಜಂಬ ಕೊಚ್ಚಿದ್ದೂ ಇತ್ತು. ಮೂವರ ಮಾತೂ ಒಂದಾಯಿತು. ಮೂವರೂ ನಿಂತಿದ್ದು ನನ್ನ ಹೆಬ್ಬೆರಳಿನ ಮೇಲೆ.

ಭಾವ ಅತಿಯಾಗಿ ನೀರು ಸೇದುತ್ತಿದ್ದಾರೆಂಬ ವರದಿ ನಗರಸಭೆಗೆ ಹೋಯಿತು, ಬಾವಿ ಮುಚ್ಚಿಸಿ ಎಂದು ಅವರು ಆಜ್ಞೆ ಮಾಡಿದರು. ಬಾವಿಗೆ ಚಪ್ಪಡಿ ಮುಚ್ಚುವ ದಿನ ಕೊನೆಯ ಅಳತೆ ತೆಗೆಯಲು ನನ್ನನ್ನೇ ಕಳಿಸಿದರು. ಟೇಪು ಕೈಜಾರಿ ಒಳಗೆ ಬಿತ್ತು. ಅದರ ಮೇಲೆಯೇ ಚಪ್ಪಡಿ ಕೂತಿತು. ಈಗ ಉಳಿದಿರುವುದು ನಿನ್ನ ಸೊಂಟದಲ್ಲಿರುವ ತುಂಡೊಂದೇ. ಹೋದ ಕಾಗದದಲ್ಲಿ ಅದರ ಕೊನೆಯ ಅಂಕೆ ಎಷ್ಟು ಎಂದು ಸುಮ್ಮನೆ ಕೇಳಿದವನ ಹಾಗೆ ಕೇಳಿದ್ದು ಇದಕ್ಕೇ. “ಮೂವತ್ತು ಇರಬೇಕು, ಮಾಸಿದೆ. ಯಾಕೋ, ಟೈಲರ್ ಆಗ್ತೀಯಾ?” ಎಂದು ನೀನು ಬರೆದೆ. ನಗು ಬರಲಿಲ್ಲ ಅಕ್ಕಾ.

ಮೇಡಂ ಹತ್ತಿರ ಹೇಳಬೇಕು. ದಿನಾ ಅವರ ಬಾಗಿಲವರೆಗೆ ಹೋಗಿ, ಕಸದ ಬುಟ್ಟಿ ಎತ್ತಿಕೊಂಡು ಬರುತ್ತೇನೆ. ನಿನ್ನೆ ಅವರೇ “ಏನಾದ್ರೂ ಹೇಳೋದಿತ್ತಾ?” ಎಂದರು. “ಬುಟ್ಟಿ ತುಂಬಿದೆ ಮೇಡಂ” ಎಂದೆ. ಬುಟ್ಟಿಯಲ್ಲಿ ಒಂದು ಕಾಗದದ ಚೂರಿತ್ತು.

ನಿನ್ನ ಮಂಡಿನೋವು ಹೇಗಿದೆ? ಭಾರ ಎತ್ತಬೇಡ. ಭಾವನಿಗೆ ಬಿಸಿ ನೀರಿನಲ್ಲಿ ಕೈ ಅದ್ದಿಕೊಂಡು ಕೂರಲು ಹೇಳು. ನಾನು ಹೇಳಿದೆ ಎನ್ನಬೇಡ. ಚಿಕ್ಕವನಾದರೂ ಮನಸಾರೆ ಹಾರೈಸುತ್ತೇನೆ, ನಿಮ್ಮಿಬ್ಬರ ಕೈಕಾಲು ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ.

ನಿನ್ನ ಬೆನ್ನ ಮೇಲೆ ಬೆಳೆದ
ತಮ್ಮ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ವರದಿಗೆ ಮೊದಲು ಅಂಗಳದಲ್ಲಿ ಸಭೆ ನಡೆದದ್ದು ನೆನಪಿದೆಯಲ್ಲ. ಭಾವ ಎದ್ದು ನಿಂತು, “ಇಪ್ಪತ್ತು ವರ್ಷದಿಂದ ಅದೇ ಹಗ್ಗ, ಅದೇ ಗಂಟಿಗೆ ನೀರು ಸಿಗ್ತಿದೆ. ನೀರು ಇಳಿದಿಲ್ಲ” ಎಂದರು. ಆಗ ಮೇಡಂ ನನ್ನ ಕಡೆ ತಿರುಗಿ, “ಟೇಪಿಗೆ ಏನಾದ್ರೂ ಮಾಡಿದ್ಯಾ?” ಎಂದು ಕೇಳಿದರು. ಕತ್ತರಿಸಿದ್ದು ನೆನಪಿತ್ತು. ಅದರಿಂದ ಇಷ್ಟೆಲ್ಲ ಆಗುತ್ತದೆಂದು ಗೊತ್ತಿರಲಿಲ್ಲ, ಆದರೆ ಕತ್ತರಿಸಿದ್ದು ನೆನಪಿತ್ತು. ಕಾಯಂ ಆಗುವವರ ಹೆಸರು ಆ ವಾರವೇ ಮೇಲಕ್ಕೆ ಹೋಗುವುದಿತ್ತು. “ಇಲ್ಲ ಮೇಡಂ” ಎಂದೆ. ಅಷ್ಟಕ್ಕೇ ಬಿಡಲಿಲ್ಲ. “ಟೇಪು ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ” ಎಂದೆ, ಎಲ್ಲರೆದುರಿಗೆ, ಭಾವನ ಮುಖ ನೋಡಿಕೊಂಡು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು, “ಆಯ್ತಪ್ಪಾ, ಕೂತ್ಕೋ.”

ಹೆಸರು ಹೋಯಿತು. ನಾನು ಕಾಯಂ ಆದೆ. ನೀವು ಸಿಹಿ ಹಂಚಿದಿರಿ.

ಮೂವತ್ತೇ ಆಗಿದ್ದರೆ ತಪ್ಪೆಲ್ಲ ನನ್ನದು. ಆ ಮಾಸಿದ ಅಂಕೆ ಹದಿಮೂರಾಗಿದ್ದರೆ, ಉಳಿದ ಇಳಿತವಾದರೂ ಭಾವ ಹೆಚ್ಚಿಗೆ ನೀರು ಸೇದಿದ್ದರಿಂದ ಆಗಿದ್ದು. ಹೀಗೆ ಆಸೆಪಡುವ ತಮ್ಮ ನಿನಗಿದ್ದಾನೆ. ಆ ತುಂಡನ್ನು ಗೊಂಚಲಿನಿಂದ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿ ಬರೆ. ಮೂವತ್ತೋ, ಹದಿಮೂರೋ?