ತಮ್ಮ ಓಡಿಸುತ್ತಿದ್ದ ಸೈಕಲ್

ಫೆಬ್ರುವರಿ 3, ಸೋಮವಾರ. ಚಿತ್ರದುರ್ಗ

ಪತ್ರಿಕೆಯ ಮೊದಲ ಪುಟದಲ್ಲೇ ‘ವಿಧ್ಯಾರ್ಥಿ’. ಕೆಂಪು ಶಾಯಿಯಲ್ಲಿ ತಿದ್ದಿದೆ. ಶಾಲೆಯಿಂದ ನಿವೃತ್ತಿಯಾದದ್ದು ನಾನು. ಕೈ ಇನ್ನೂ ಆಗಿಲ್ಲ.

ಕಾಫಿಯ ಹೊತ್ತಿಗೆ ಕಾವ್ಯಶ್ರೀಯದು ಮತ್ತೆ ಅದೇ ಪ್ರಸ್ತಾಪ. ತಂಗಿ ಯಶೋದಾಳ ಮಗಳು. ಕಾಲೇಜಿಗಾಗಿ ನನ್ನ ಬಳಿ ಇದ್ದಾಳೆ. ಇಪ್ಪತ್ತಮೂರರಂದು ಅವಳ ಊರು ರಾಮಗಿರಿಯ ಬಳಿ ಗುಡ್ಡದ ಸೈಕಲ್ ಸ್ಪರ್ಧೆ. ಹತ್ತುವುದು, ಅನಂತರ ಕಲ್ಲುದಾರಿಯಲ್ಲಿ ಇಳಿಯುವುದು. ಮೌಂಟನ್ ಬೈಕ್ ಕೊಡಿಸುತ್ತೇನೆಂದು ಮಾತು ಕೊಟ್ಟವಳು ನಾನೇ. ಇಪ್ಪತ್ತು ಸಾವಿರ. ಅದರ ಮೇಲೆ ಸಾಧ್ಯವಿಲ್ಲ.

ಫೆಬ್ರುವರಿ 5, ಬುಧವಾರ

ಅಂಗಡಿಯ ಫಲಕ: ‘ಪ್ರಸನ್ನ ಸೈಕಲ್ ಶಾಪ’.

“ಸ್ವಾಮಿ, ಕೊನೆಯ ಅಕ್ಷರ ಅರ್ಧಾಕ್ಷರವಾಗಬೇಕು. ನಿಮ್ಮ ಅಂಗಡಿಯೇ ಶಾಪವಾಗಿದೆ.”

ಮಾಲೀಕ ಪ್ರಸನ್ನಕುಮಾರ್ ನಕ್ಕ. “ಪೇಂಟರಿಗೆ ಕೊಟ್ಟ ದುಡ್ಡಿಗೆ ಅಷ್ಟೇ ಬರ್ದ ಮೇಡಮ್ಮೋರೆ. ಶಾಪ ಆದ್ರೂ ಗಿರಾಕಿ ಬರ್ತಾ ಅವ್ರೆ. ಕುಂತ್ಕಳ್ರಿ.”

ನಮ್ಮ ಮಿತಿಯೊಳಗೆ ತೋರಿಸಿದ್ದು ಒಂದೇ. ಬೂದು ಬಣ್ಣ, ಹೊಸದು. ಗೇರು ಕಡಿಮೆ, ಭಾರ ಹೆಚ್ಚು.

“ಎಮ್ಮೆ ಇದ್ದಂಗೈತೆ,” ಎಂದಳು ಕಾವ್ಯ. “ಆದ್ರೂ ಇರ್ಲಿ ದೊಡ್ಡಮ್ಮ. ಬ್ರೇಕು ಗಟ್ಟಿ ಐತೆ.”

“ಎಮ್ಮೆ ಮುಗ್ಗರಿಸಲ್ಲ ಕಣವ್ವ,” ಎಂದ ಅವನು.

ನನಗೆ ಒಪ್ಪಿಗೆಯಾಗಲಿಲ್ಲ. ತನ್ನ ಹೆಸರಿನ ಫಲಕವನ್ನೇ ನೋಡದವನು ನಟ್ಟು ಬೋಲ್ಟು ನೋಡಿರುತ್ತಾನೆಯೇ?

ಫೆಬ್ರುವರಿ 7, ಶುಕ್ರವಾರ

ಫೋನಿನಲ್ಲಿ ಒಂದು ಜಾಹೀರಾತು. ‘ನನ್ನ ತಮ್ಮ ಓಡಿಸುತ್ತಿದ್ದ ಗುಡ್ಡದ ಸೈಕಲ್ ಮಾರಾಟಕ್ಕಿದೆ. ಹಗುರವಾದುದು, ಉತ್ತಮ ದರ್ಜೆಯ ಬ್ರೇಕ್ ಹೊಂದಿದೆ. ಬೆಲೆ ಹದಿನೆಂಟು ಸಾವಿರ. ಆಸಕ್ತರು ಸಂಪರ್ಕಿಸಬಹುದು.’

ಅಲ್ಪವಿರಾಮ ಕೂಡ ಅದರ ಜಾಗದಲ್ಲೇ! ಹೊಸದಕ್ಕೆ ಇದರ ಎರಡರಷ್ಟು ಬೆಲೆಯೆಂದು ಕಾವ್ಯ ಹೇಳುತ್ತಾಳೆ. ಇಷ್ಟು ಅಚ್ಚುಕಟ್ಟಾಗಿ ಬರೆಯುವವನು ಮೋಸ ಮಾಡಲಾರ.

ಫೆಬ್ರುವರಿ 8, ಶನಿವಾರ

ಹಿರಿಯೂರು ದಾಟಿ ಜವನಗೊಂಡನಹಳ್ಳಿ. ಮಾರುವವರು ಮೋಹನ್‌ಕುಮಾರ್ — ಮೃದುಭಾಷಿ. ಆದರೆ ಮನೆಯೊಳಗೆ ಕರೆಯಲಿಲ್ಲ. ನೀರು ಬೇಕೇ ಎಂದೂ ಕೇಳಲಿಲ್ಲ. ಅಂಗಳದಲ್ಲೇ ಮಾತು. ಕೆಂಪು ಸೈಕಲ್, ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಮಾತ್ರ ಹೊಸ ಕಪ್ಪು ಬಣ್ಣ.

“ನಮ್ಮ ರವೀಂದ್ರಂಗೆ ಗುಡ್ಡ ಅಂದ್ರೆ ಪ್ರಾಣ ಆಗಿತ್ತು ಮೇಡಂ. ದಿನಾ ಒರೆಸಿ ಇಡ್ತಿದ್ದ. ಯಾರ್ನೂ ಮುಟ್ಟಾಕೆ ಬಿಡ್ತಿರಲಿಲ್ಲ.”

“ಇದು ಎಂದಾದರೂ ಬಿದ್ದಿದೆಯೇ?”

“ಗುಡ್ಡ ಹತ್ತೋ ಸೈಕಲ್ಲು ಒಂದ್ಸಲನಾದ್ರೂ ಬೀಳ್ದೆ ಇರ್ತದಾ ಮೇಡಂ?”

ಪ್ರಶ್ನೆಗೆ ಪ್ರಶ್ನೆ ಉತ್ತರವಲ್ಲ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಇಂದು ಅದನ್ನೇ ಉತ್ತರವೆಂದುಕೊಂಡೆ.

ಬಾಗಿಲಲ್ಲಿ ಅವರ ತಾಯಿ ಏಕನಾಥಮ್ಮ. ಕಾವ್ಯಳನ್ನೇ ನೋಡುತ್ತಿದ್ದರು. “ಈ ಹುಡ್ಗಿ ಓಡ್ಸಾಕಾ? ಬ್ಯಾಡ ಕಣವ್ವ...”

“ಅವ್ವಾ, ಒಳಗ್ ನಡಿ.”

ನಾವು ಕೇಳದಿದ್ದರೂ ಮೋಹನ್‌ಕುಮಾರ್ ಎರಡು ಸಾವಿರ ಇಳಿಸಿದರು. ಕೊಂಡೆವು. ಖಾಸಗಿ ಬಸ್ಸಿನ ಮೇಲೆ ಹೇರಿಸಿದ್ದಾಯಿತು. ದಾರಿಯಲ್ಲಿ ಕಾವ್ಯ: “ಆ ಅಜ್ಜಿ ಯಾಕೆ ಹಂಗಂದ್ರು ದೊಡ್ಡಮ್ಮ?”

“‘ಹಾಗೆಂದರು’ ಎನ್ನು,” ಎಂದೆ.

ಫೆಬ್ರುವರಿ 19, ಬುಧವಾರ

ಬರೆಯಲಾಗಿರಲಿಲ್ಲ. ಸೈಕಲ್ ಬಂದಾಗಿನಿಂದ ಮನೆಯಲ್ಲಿ ಅದರದೇ ಮಾತು. ದಿನವೂ ಮುಂಜಾನೆ ಅಭ್ಯಾಸ. ಕಾವ್ಯ ಹಕ್ಕಿಯಂತೆ ಹಿಂದಿರುಗುತ್ತಾಳೆ. ಒಂದೇ ದೂರು — ಜೋರಾಗಿ ಬ್ರೇಕ್ ಹಿಡಿದರೆ ಮುಂದೆ ಎಲ್ಲೋ ‘ಟಿಕ್’ ಎನ್ನುತ್ತದಂತೆ.

“ಪ್ರಸನ್ನಣ್ಣಂಗೆ ತೋರ್ಸಾಣ ದೊಡ್ಡಮ್ಮ.”

“ಆ ಶಾಪದ ಅಂಗಡಿಗೆ ಬೇಡ.” ಎಣ್ಣೆ ಬಿಟ್ಟೆವು. ಸಂಜೆ ಅಂಗಳದಲ್ಲಿ ನಾನೇ ಹ್ಯಾಂಡಲ್ ಹಿಡಿದು ಅದುಮಿದೆ. ಟಿಕ್. ಗಡಿಯಾರದಂತೆ.

ಫೆಬ್ರುವರಿ 22, ಶನಿವಾರ

ನಮ್ಮ ಬೀದಿಯ ಮೂರ್ತಪ್ಪನ ಗೂಡ್ಸ್ ಆಟೋದಲ್ಲಿ ಕಾವ್ಯ, ಸೈಕಲ್ ಎರಡೂ ರಾಮಗಿರಿಗೆ. “ಗೆದ್ರೆ ಕಪ್ ನಿಮ್ಗೆ, ಸೋತ್ರೆ ಬೈಗುಳ ನಂಗೆ!” ಕಾಲಿಗೆ ನಮಸ್ಕರಿಸಿ ಹೋದಳು.

ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಕಪ್ಪು ಬಣ್ಣದ ಚಕ್ಕೆಗಳು. ಗುಡಿಸಿ ಹಾಕಿದೆ.

ಫೆಬ್ರುವರಿ 23, ಭಾನುವಾರ. ಬೆಳಿಗ್ಗೆ 7.40

ಶುದ್ಧ ಕನ್ನಡಕ್ಕೆ ಮಾದರಿಯೆಂದು ಆ ಜಾಹೀರಾತನ್ನು ಶಿಕ್ಷಕಿಯರ ಗುಂಪಿಗೆ ಕಳುಹಿಸಲು ತೆರೆದೆ. ಓದಿದೆ. ಮತ್ತೊಮ್ಮೆ ಓದಿದೆ.

ಓಡಿಸುತ್ತಿದ್ದ.

ಅಕ್ಷರ ನೋಡಿದ್ದೆ, ಕಾಲ ನೋಡಿರಲಿಲ್ಲ. ಪ್ರಾಣ ಆಗಿತ್ತು. ಒರೆಸಿ ಇಡ್ತಿದ್ದ. ಬಿಡ್ತಿರಲಿಲ್ಲ. ತಮ್ಮನ ಬಗ್ಗೆ ಆತ ಒಂದಾದರೂ ವರ್ತಮಾನದ ಕ್ರಿಯಾಪದ ಆಡಲಿಲ್ಲ. ‘ಓಡಿಸುತ್ತಿದ್ದಾನೆ’ ಎಂಬುದಕ್ಕೂ ‘ಓಡಿಸುತ್ತಿದ್ದ’ ಎಂಬುದಕ್ಕೂ... ಒಂದು ದೀರ್ಘ, ಒಂದು ಬಾಲ. ಅಷ್ಟೇ.

ಫೋನ್ ಮಾಡುತ್ತೇನೆ.

8.05

ಎತ್ತಿದ್ದು ತಾಯಿ. “ರವೀಂದ್ರ ಈಗ ಎಲ್ಲಿದ್ದಾನಮ್ಮ?” ಎಂದೆ.

“ಹೊಸದುರ್ಗದ ತಾವ ಗುಡ್ಡ ಇಳಿವಾಗ ಮುಂದ್ಲದು ಮುರೀತವ್ವ. ಗಾಲಿ ಒಂದ್ ಕಡಿಗೆ, ನನ್ ಮಗ ಒಂದ್ ಕಡಿಗೆ. ದೊಡ್ಡೋನು ಬೆಸುಗೆ ಹಾಕ್ಸಿ ಬಣ್ಣ ಬಳ್ದ. ನಾನ್ ಬ್ಯಾಡ ಅಂದ್ನಲ್ಲವ್ವ... ಬ್ಯಾಡ ಅಂದ್ನಲ್ಲ...”

ಅಂದಿದ್ದರು. ನಾನು ವ್ಯಾಕರಣ ತಿದ್ದುತ್ತಿದ್ದೆ.

ಕಾವ್ಯಳ ಫೋನ್ ಸ್ವಿಚ್ ಆಫ್. ಯಶೋದಾ ಸಿಕ್ಕಳು. “ನಿಲ್ಲಿಸೇ ಅವಳನ್ನು, ಸೈಕಲ್ ಮುರಿಯುತ್ತದೆ!” “ಅಕ್ಕಾ, ಆಗ್ಲೇ ಬಿಟ್ಟಾತು. ಹತ್ತಾಕತ್ತಾಳೆ. ಇಳಿಯೋ ದಾರಿ ತಾವ ನಾನ್ ಓಡ್ತೀನಿ—”

8.50

ರಾಮಗಿರಿಗೆ ಹೊರಡಲು ಕರೆದ ಮೂರ್ತಪ್ಪನ ಆಟೋ ಇನ್ನೂ ಬಂದಿಲ್ಲ. ಸುಮ್ಮನೆ ಕೂರಲಾರೆ, ಬರೆಯುತ್ತೇನೆ. ಹತ್ತಿ ಮುಗಿಸಿರುತ್ತಾಳೆ. ಯಶೋದಾ ಅಡ್ಡ ನಿಂತಿರುತ್ತಾಳೆ. ನಿಂತಿರಬೇಕು.

ಫೋನ್. ಯಶೋದಾ.

ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ನಾನು. ವರ್ತಮಾನಕಾಲದಲ್ಲಿ ಒಂದೇ ಒಂದು ವಾಕ್ಯ ಮುಗಿಸಿ ಎತ್ತುತ್ತೇನೆ. ನಮ್ಮ ಕಾವ್ಯ ಗುಡ್ಡದ ಮೇಲೆ ಸೈಕಲ್ ಓಡಿಸುತ್ತಿದ್ದ